ಅಪ್‌ಡೇಟ್: ಮೂರು ಜಿಲ್ಲೆಗಳ ಬೋರ್‌ವೆಲ್ ದಾಖಲೆ ಒಂದೇ ಗ್ರಾಫ್‌ನಲ್ಲಿ

ಭೂವಿಜ್ಞಾನದ ಸೆಮ್ಯಾಂಟಿಕ್ ತಂತ್ರಜ್ಞಾನ ತಂಡವನ್ನು ಮುನ್ನಡೆಸುವ ಹುದ್ದೆಯ ಅರ್ಜಿ ಜೊತೆ ತೋರಿಸಲು ಕಲಬುರಗಿ, ಬೀದರ್, ಯಾದಗಿರಿ ಬೋರ್‌ವೆಲ್ ದಾಖಲೆಯನ್ನ ಒಂದೇ ಗ್ರಾಫ್‌ಗೆ (ಕೊಂಡಿಗಳಿಂದ ಬೆಸೆದ ಮಾಹಿತಿ ಜಾಲ) ಜೋಡಿಸೋದು ಹೆಂಗ ಅಂತ ಕೇಳಿದ್ದೆ. ಹೊಸ ಆಂಟಾಲಜಿ (ಮಾಹಿತಿಯ ಪದ-ಸಂಬಂಧಗಳ ಚೌಕಟ್ಟು) ಬ್ಯಾಡ, ಅಳತೆ-ಮಾದರಿ ದಾಖಲೆಗೆ ಇರುವ 2017ರ ಸಿದ್ಧ ಆಂಟಾಲಜಿ ಸೋಸಾ ಸಾಕು ಅಂದವರ ಮಾತೇ ಸರಿ.

ಅಡಿಯಲ್ಲಿರುವ ಆಳವನ್ನು 0.3048ರಿಂದ ಗುಣಿಸಿ ಮೀಟರ್ ಮಾಡಿ, ಮೂಲ ಅಂಕಿಯನ್ನೂ ಇಡಿ.

ನಿಜವಾದ ಕಾಟ ನಿರ್ದೇಶಾಂಕದ್ದು. ಜಿಯೋಸ್ಪಾರ್ಕಲ್‌ನಲ್ಲಿ (ಗ್ರಾಫ್‌ನಲ್ಲಿ ಸ್ಥಳ ಬರೆದು ಹುಡುಕುವ ಮಾನದಂಡ) ಸಿಆರ್‌ಎಸ್ (ನಿರ್ದೇಶಾಂಕ ಪದ್ಧತಿ) ಬರೆಯದಿದ್ದರೆ ರೇಖಾಂಶ ಮೊದಲು (76.8 17.3), ಇಪಿಎಸ್‌ಜಿ 4326 ಅನ್ನೋ ಪದ್ಧತಿಯ ಸಂಕೇತ ಬರೆದರೆ ಅಕ್ಷಾಂಶ ಮೊದಲು. ಅದಲುಬದಲಾದರೆ ಕಲಬುರಗಿ ಬಾವಿ ಉತ್ತರ ಧ್ರುವದ ಕಡೆಯ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ ಹೋಗಿ ಕೂಡ್ತದ. ದೋಷ ಸಂದೇಶ ಬರೋದಿಲ್ಲ, ದೂರದ ಕ್ವೆರಿ ಸುಮ್ಮನೆ ಖಾಲಿ ಬರ್ತದ.

ಶಹಾಬಾದ್ ಕಲ್ಲು (ಸುಣ್ಣಕಲ್ಲಿನ ಒಂದು ಬಗೆ), ಸುಣ್ಣಕಲ್ಲು ಎರಡರ ನಡುವೆ ‘ಸೇಮ್ಆ್ಯಸ್’ (ಎರಡೂ ಒಂದೇ ಅನ್ನೋ ಕೊಂಡಿ) ಹಾಕಬ್ಯಾಡ್ರಿ; ರೀಸನರ್ (ಕೊಂಡಿಗಳಿಂದ ತೀರ್ಮಾನ ತೆಗೆಯುವ ಸಾಫ್ಟ್‌ವೇರ್) ಎಲ್ಲ ಸುಣ್ಣಕಲ್ಲನ್ನೂ ಶಹಾಬಾದಿಗೆ ಕಟ್ಟಿಬಿಡ್ತದ. ಪದಪಟ್ಟಿಗಳ ಮಾನದಂಡ ಸ್ಕಾಸ್‌ನ ‘ಬ್ರಾಡ್‌ಮ್ಯಾಚ್’ (ಸುಣ್ಣಕಲ್ಲು ಹೆಚ್ಚು ವಿಶಾಲ ಪದ ಅನ್ನೋ ಕೊಂಡಿ) ಸಾಕು.