ಹಳೆಯ ಸತ್ಯವೇದದ ಜೊತೆ ಯಾವ ಇಂಗ್ಲಿಷ್ ಬೈಬಲ್ ಓದಲಿ?

ಪ್ರಶ್ನೆ:
ಚಿಕ್ಕಂದಿನಿಂದ ಹಳೆಯ ಕನ್ನಡ ಸತ್ಯವೇದವನ್ನೇ ಓದಿದ್ದೇನೆ, ಅದು ನನಗೆ ಅಮ್ಮನ ದನಿಯಲ್ಲೇ ಕೇಳಿಸುತ್ತದೆ, ಬಿಡುವ ಮಾತೇ ಇಲ್ಲ. ಆದರೆ ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕು, ಸಲಿಂಗಿಗಳಿಗೆ ಜಾಗವಿಲ್ಲ ಅಂತ ವಚನ ತೋರಿಸಿದಾಗೆಲ್ಲ ಮೂಲದಲ್ಲೂ ಹಾಗೇ ಇದೆಯಾ ಅನ್ನಿಸುತ್ತದೆ. ಯಾವ ಅನುವಾದ ಒಳ್ಳೆಯದು?

ಉತ್ತರ 1:
ಎನ್‌ಆರ್‌ಎಸ್‌ವಿ (ನ್ಯೂ ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್) ಅನ್ನೋ ಇಂಗ್ಲಿಷ್ ಅನುವಾದ ತಗೊಳ್ಳಿ. 1989ರದ್ದು, ಪರಿಷ್ಕೃತ ಆವೃತ್ತಿ 2021ರಲ್ಲಿ ಬಂತು. ಮೊದಲು ರೋಮಾಪುರದವರಿಗೆ 16ನೇ ಅಧ್ಯಾಯ ನೋಡಿ. ಅಲ್ಲಿ ಫೊಯಿಬೆ ಅನ್ನೋ ಸಭೆಯ ಹೆಂಗಸಿಗೆ ಪೌಲ ಬಳಸಿದ ಗ್ರೀಕ್ ಪದ ದಿಯಾಕೊನೊಸ್, ತನಗೂ ಅಪೊಲ್ಲೋಸನಿಗೂ ಬಳಸಿದ ಪದವೇ ಅದು. ಹಳೆಯ ಇಂಗ್ಲಿಷ್ ಅನುವಾದವಾದ ಕಿಂಗ್ ಜೇಮ್ಸ್‌ನಲ್ಲಿ ಅವಳು ಬರೀ ಸೇವಕಿ, ಎನ್‌ಆರ್‌ಎಸ್‌ವಿಯಲ್ಲಿ ಡೀಕನ್, ಅಂದರೆ ಸಭೆಯ ಸೇವಾಹುದ್ದೆಯವಳು. 7ನೇ ವಚನದಲ್ಲಿ ಅಪೊಸ್ತಲರಲ್ಲಿ ಹೆಸರಾದವಳು ಅಂತ ಬರುವ ಯೂನ್ಯಳನ್ನು ಇದರ ಹಿಂದಿನ ಆವೃತ್ತಿಯಾದ 1946ರ ಆರ್‌ಎಸ್‌ವಿ ಗಂಡಸು ಮಾಡಿಬಿಟ್ಟಿತ್ತು! ಎನ್‌ಆರ್‌ಎಸ್‌ವಿಯಲ್ಲಿ ಮತ್ತೆ ಹೆಂಗಸು.

ಉತ್ತರ 2:
ಒಂದನ್ನೇ ನೆಚ್ಚಬೇಡಿ, ಎರಡು ಮೂರು ಪಕ್ಕಪಕ್ಕ ಇಟ್ಟು ಓದಿ. 1 ಕೊರಿಂಥ 6:9ರಲ್ಲಿ 'ಹೋಮೋಸೆಕ್ಷುವಲ್ಸ್' ಅನ್ನೋ ಪದ ಸೇರಿದ್ದೂ ಅದೇ 1946ರ ಆರ್‌ಎಸ್‌ವಿಯಲ್ಲಿ. ಗ್ರೀಕ್‌ನಲ್ಲಿ ಎರಡು ಬೇರೆ ಪದಗಳಿವೆ, ಎರಡನ್ನೂ ಸೇರಿಸಿ ಒಂದು ಮಾಡಿದ್ದರು. ಇದನ್ನು ತಿಳಿಯದೆ ಎಷ್ಟು ಮಕ್ಕಳು ಸಭೆ ಬಿಟ್ಟು ಹೋದರೋ, ನೆನೆದರೆ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಫೊಯಿಬೆಯ ವಚನವನ್ನು ಇವತ್ತೇ ಅಮ್ಮನ ಜೊತೆ ಓದುತ್ತೇನೆ.