ಅವ್ವ ಸಿಹಿ ಮುಟ್ಟಲ್ಲ, ಆದ್ರೂ ಶುಗರ್ ಏರಿದೆ. ಸಂಧಿವಾತದಿಂದ ಹೀಗಾಗುತ್ತಾ?

ಬೆಟಗೇರಿ ಮಗಳು
ನಮ್ಮವ್ವನಿಗೆ 56 ವರ್ಷ. ರುಮಟಾಯ್ಡ್ ಸಂಧಿವಾತ ಬಂದು ಬಹಳ ವರ್ಷ ಆಯ್ತು. ಮೈ ತೆಳು. ಬೆಳಿಗ್ಗೆ ಬೆರಳು ಸೆಟೆದುಕೊಂಡಿರುತ್ತವೆ. ಬಿಸಿನೀರಲ್ಲಿ ಕೈ ಇಟ್ಟು, ಒಂದೊಂದೇ ಬೆರಳು ಬಿಡಿಸಿಕೊಂಡ ಮೇಲೇ ರೊಟ್ಟಿ ತಟ್ಟಲು ಕೂರುತ್ತಾಳೆ. ಮೊನ್ನೆ ರಕ್ತ ಪರೀಕ್ಷೆ ಮಾಡಿಸಿದೆವು. ಖಾಲಿ ಹೊಟ್ಟೆಯಲ್ಲಿ 96, ಮಧ್ಯಾಹ್ನ ಊಟವಾಗಿ ಎರಡು ತಾಸಿಗೆ 208. ಇನ್ಸುಲಿನ್ ಇದೆ, ಮೈಗೆ ನಾಟುತ್ತಿಲ್ಲ ಅಂದರು ಡಾಕ್ಟರು. ಮಳೆಗಾಲದಲ್ಲಿ ನೋವು ಜಾಸ್ತಿಯಾಗಿ ಸ್ಟಿರಾಯ್ಡ್ ಗುಳಿಗೆ ಶುರುವಾಗಿದೆ. ಓಣಿಯವರು ಅದನ್ನು ಬಿಡಿಸು ಅಂತಾರೆ. ಬಿಡಿಸಲಾ?

ಮಾಳಮಡ್ಡಿ ಅಕ್ಕ
ಬೇಡ ತಂಗಿ, ನೀನಾಗೇ ಬಿಡಿಸಬೇಡ. ನನಗೂ ಇದೇ ಬೇನೆ. ಸ್ಟಿರಾಯ್ಡ್ ವಾರಗಟ್ಟಲೆ ತಗೊಂಡರೆ ಮೈ ತಾನು ಮಾಡಿಕೊಳ್ಳುವ ಕಾರ್ಟಿಸಾಲ್ ಅನ್ನುವ ಹಾರ್ಮೋನು ಕಡಿಮೆ ಮಾಡಿಬಿಡುತ್ತದೆ. ಥಟ್ಟನೆ ನಿಲ್ಲಿಸಿದರೆ ಬಿಪಿ ಇಳಿದು ತಲೆಸುತ್ತಿ ಬೀಳಬಹುದು. ಡಾಕ್ಟರೇ ಸ್ವಲ್ಪಸ್ವಲ್ಪ ಇಳಿಸಬೇಕು.

ಆದ್ರೆ ನಂಬರು ನೋಡಿದರೆ ಅದರ ಪಾಲೂ ಇದೆ ಅನ್ಸುತ್ತೆ. ಬೆಳಿಗ್ಗೆ ತಗೊಂಡ ಗುಳಿಗೆ ಮಧ್ಯಾಹ್ನದಿಂದ ಸಂಜೆವರೆಗೆ ಶುಗರ್ ಏರಿಸುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ಇಳಿದಿರುತ್ತದೆ. ಊಟದ ನಂತರದ್ದೂ ಮಾಡಿಸಿದ್ದು ಒಳ್ಳೇದಾಯ್ತು. ಬೇನೆಯೂ ಸುಮ್ನಿರಲ್ಲ. ಉರಿಯೂತದಲ್ಲಿ ಹುಟ್ಟುವ ಟಿಎನ್‌ಎಫ್, ಐಎಲ್-6 ಅನ್ನುವ ಪ್ರೋಟೀನುಗಳು ರಕ್ತಕ್ಕೆ ಸೇರಿ, ಸ್ನಾಯು ಮತ್ತು ಲಿವರ್ ಇನ್ಸುಲಿನ್ ಮಾತು ಕೇಳದಂತೆ ಮಾಡುತ್ತವೆ. ಈ ಬೇನೆಯಲ್ಲಿ ಸ್ನಾಯುವೂ ಕರಗುತ್ತದೆ. ಉಂಡ ಸಕ್ಕರೆ ಹೆಚ್ಚಾಗಿ ಹೋಗಿ ಸೇರುವುದೇ ಸ್ನಾಯುವಿಗೆ, ಅಲ್ವಾ? ಅದಕ್ಕೇ ತೆಳ್ಳಗಿದ್ದವರಿಗೂ ಬರುತ್ತದೆ. ಬಾಯಿಚಪಲದಿಂದ ಬಂತು ಅಂತ ನಿಮ್ಮವ್ವನಿಗೆ ಯಾರೂ ಅನ್ನಬಾರದು. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಔಷಧ ಇದ್ದರೆ ತಪ್ಪಿಸಬೇಡ. ಉರಿಯೂತ ಹಿಡಿತಕ್ಕೆ ಬಂದರೆ ಇನ್ಸುಲಿನ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ.

ಹಾವೇರಿ ಲ್ಯಾಬ್
ಅಕ್ಕಾರ, ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದ್ರಾ? 5.7ರಿಂದ 6.4 ಬಂದರೆ ಶುಗರ್ ಅಂಚಿನಲ್ಲಿದೆ ಅಂತ. ಜೊತೆಗೆ ಹಿಮೋಗ್ಲೋಬಿನ್ನೂ ನೋಡಿಸಿ. ಸಂಧಿವಾತದವರಲ್ಲಿ ರಕ್ತ ಕಡಿಮೆ ಇರುವುದು ಜಾಸ್ತಿ. ಆಗ ಎಚ್‌ಬಿಎ1ಸಿ ಒಂದನ್ನೇ ನಂಬಲು ಬರುವುದಿಲ್ಲ.

ಬೆಟಗೇರಿ ಮಗಳು
ನಾಳೆನೇ ಮಾಡಿಸ್ತೀನಿ ಅಣ್ಣಾ. ಅಕ್ಕಾ, ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯೂ ಇದೆ. ಅದರಿಂದಲೂ ಏರುತ್ತಾ? ರೊಟ್ಟಿ ಬಿಡಿಸಬೇಕಾ?

ಮಾಳಮಡ್ಡಿ ಅಕ್ಕ
ಇಲ್ಲ, ಅದು ಶುಗರ್ ಇಳಿಸುವ ಕಡೆಯದು. ಅದಕ್ಕೇ ಶುಗರ್ ಗುಳಿಗೆ ಬರೆಯುವವರಿಗೆ ಆ ಚೀಟಿಯನ್ನೂ ತೋರಿಸು. ಎರಡೂ ಸೇರಿದರೆ ಕೆಲವರಿಗೆ ತೀರಾ ಇಳಿಯುತ್ತದೆ. ರೊಟ್ಟಿ ಯಾಕೆ ಬಿಡಿಸ್ತೀ? ಒಂದು ಕಡಿಮೆ ಮಾಡಿ ಮಡಕಿಕಾಳು ಪಲ್ಯ ಜಾಸ್ತಿ ಬಡಿಸು. ಉಂಡಮೇಲೆ ಹಿತ್ತಲಲ್ಲಿ ಹತ್ತು ನಿಮಿಷ ಅಡ್ಡಾಡಲಿ. ಮೊಣಕಾಲು ಬಾತ ದಿನ ಕುರ್ಚಿಯಲ್ಲಿ ಕೂತೇ ಕಾಲು ಎತ್ತಿ ಇಳಿಸಿದರೂ ಆಯ್ತು. ಮತ್ತೆ, ರೊಟ್ಟಿ ತಟ್ಟೋದು ಇನ್ಮೇಲೆ ನೀನು ನೋಡ್ಕೊ.