ವಿಂಡೋಸ್ 7 ಮತ್ತು ಬ್ರೌಸರ್ ಲೋಪ: ಕಂಪ್ಯೂಟರ್ ಬದಲಿಸಿದವರು ಅನುಭವ ಹೇಳಿ

ತಿಪಟೂರು ಜೆರಾಕ್ಸ್: ಅಂಗಡಿಯ ನಾಲ್ಕೂ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ 7 ಇದೆ, ಕ್ರೋಮ್ ಬ್ರೌಸರ್ 109ನೇ ಆವೃತ್ತಿಗೇ ನಿಂತುಬಿಟ್ಟಿದೆ. ವೆಬ್‌ಪಿ ಮಾದರಿಯ ಚಿತ್ರಗಳನ್ನು ತೆರೆಯುವಾಗಿನ 2023ರ ಭದ್ರತಾ ಲೋಪದ ಬಗ್ಗೆ ಈಗ ಓದಿ ಗಾಬರಿಯಾಗಿದೆ. ಗಿರಾಕಿಗಳ ಆಧಾರ್, ಪಹಣಿ ಎಲ್ಲವನ್ನೂ ಇವುಗಳಲ್ಲೇ ತೆರೆಯುತ್ತೇನೆ. ಕಂಪ್ಯೂಟರ್ ಬದಲಿಸಲೇ, ಬ್ರೌಸರ್ ಬದಲಿಸಿದರೆ ಸಾಕೇ?

ದಾವಣಗೆರೆ: ನಾನು ಆಗಲೇ ಮೂರನ್ನು ಬದಲಿಸಿದೆ. ಒಂದಕ್ಕೆ 17,500 ರೂಪಾಯಿ, ಅದೂ ಕಚೇರಿಯವರು ಬಳಸಿ ಮಾರಿದ್ದವು. 8 ಜಿಬಿ ರ‍್ಯಾಮ್ ಎಂದು ಕೊಟ್ಟದ್ದರಲ್ಲಿ 4 ಜಿಬಿ ಇತ್ತು. ಅದನ್ನು ಹೊತ್ತುಕೊಂಡು ಮೂರು ಸಲ ಬಸ್ಸು ಹತ್ತಿದೆ. ಹಳೆಯ ಪ್ರಿಂಟರಿಗೆ ಡ್ರೈವರ್ ಸಿಗಲಿಲ್ಲ, ಮತ್ತೆ 13,200. ವಿದ್ಯಾರ್ಥಿವೇತನದ ಅರ್ಜಿಗಳ ಸುಗ್ಗಿಯಲ್ಲೇ ನಾಲ್ಕು ದಿನ ಬಾಗಿಲು ಹಾಕಿದ್ದೆ. ಆದರೂ ಮಾಡಿದ್ದು ಸರಿ.

ಶಿರಸಿ: ಅಷ್ಟು ದುಡ್ಡು ಸುರಿಯುವ ಅಗತ್ಯವೇ ಇರಲಿಲ್ಲ. ಕ್ರೋಮ್ ಸೆಪ್ಟೆಂಬರ್ 11ರಂದು ಹೊಸ ಆವೃತ್ತಿಗಳಿಗೆ ಪ್ಯಾಚ್ (ಲೋಪ ಮುಚ್ಚುವ ತೇಪೆ) ಕೊಟ್ಟಿತು. ಮರುದಿನವೇ ಅದೇ ಲೋಪ ಸರಿಪಡಿಸಿದ ಫೈರ್‌ಫಾಕ್ಸ್ ಬ್ರೌಸರಿನ ದೀರ್ಘಾವಧಿ ಬೆಂಬಲದ ಆವೃತ್ತಿ ಇಎಸ್‌ಆರ್ 115.2.1 ಬಂತು, ಅದು ವಿಂಡೋಸ್ 7ರಲ್ಲೂ ನಡೆಯುತ್ತದೆ. ಒಂದು ಪೈಸೆ ಖರ್ಚಿಲ್ಲ. ಒಂದು ಜಾಲತಾಣದ ಅರ್ಜಿ ಮುದ್ರಿಸಿದಾಗ ಬಲಗಡೆಯ ಎರಡು ಬೆರಳಿನಷ್ಟು ಕತ್ತರಿಸಿ ಹೋಗುತ್ತಿತ್ತು, ಅದನ್ನು ಸರಿಪಡಿಸಲು ಒಂದು ವಾರ ಹಿಡಿಯಿತು.

ಬೆಂಗಳೂರು: ಶಿರಸಿಯವರೇ, ಅರ್ಧ ಮಾತ್ರ ಹೇಳುತ್ತಿದ್ದೀರಿ. ವೆಬ್‌ಪಿ ಚಿತ್ರವನ್ನು ತೆರೆಯುವ ಲಿಬ್‌ವೆಬ್‌ಪಿ ಎಂಬ ತಂತ್ರಾಂಶ, ತಾನು ಕಾದಿರಿಸಿಕೊಂಡ ಜಾಗದಲ್ಲಿ ಹಫ್‌ಮನ್ ಕೋಷ್ಟಕ (ಕುಗ್ಗಿಸಿದ ಚಿತ್ರದ ಸಂಕೇತ ಬಿಡಿಸುವ ಪಟ್ಟಿ) ಬರೆಯುತ್ತದೆ. ಬೇಕೆಂದೇ ಕೆಡಿಸಿದ ಚಿತ್ರ ಬಂದರೆ ಕೋಷ್ಟಕ ಆ ಜಾಗ ಮೀರಿ ಪಕ್ಕದ ಮೆಮೊರಿಯನ್ನು ತುಳಿಯುತ್ತದೆ. ಯಾರೂ ಏನನ್ನೂ ಒತ್ತಬೇಕಿಲ್ಲ, ಪುಟದಲ್ಲಿ ಚಿತ್ರ ತೆರೆದುಕೊಂಡರೆ ಸಾಕು. ಎಲೆಕ್ಟ್ರಾನ್ ಎಂಬ, ಕ್ರೋಮ್‌ನ ತಿರುಳನ್ನೇ ಬಳಸುವ ಚೌಕಟ್ಟಿನಲ್ಲಿ ಕಟ್ಟಿದ ತಂತ್ರಾಂಶಗಳೂ ಇದೇ ಲಿಬ್‌ವೆಬ್‌ಪಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದವು. ನಮ್ಮ ಕಚೇರಿಯ ಒಂದೇ ಲ್ಯಾಪ್‌ಟಾಪಿನಲ್ಲಿ ಅದರ ಏಳು ಪ್ರತಿ ಸಿಕ್ಕವು. ಎರಡು ರಾತ್ರಿ ಕುಳಿತು ಒಂದೊಂದಾಗಿ ತೆಗೆದೆ. ಮೇಲಾಗಿ ವಿಂಡೋಸ್ 7ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ತಳ ಕೊಳೆತ ಮನೆಗೆ ಹೊಸ ಬಾಗಿಲು ಇಟ್ಟು ಏನು ಪ್ರಯೋಜನ?

ಶಿರಸಿ: ತಿಂಗಳ ಸಂಬಳ ಎಣಿಸುವವರಿಗೆ ಈ ಮಾತು ಸುಲಭ. ಒಂದು ಪ್ರತಿಗೆ ಎರಡು ರೂಪಾಯಿ ಪಡೆದು ಅಂಗಡಿ ನಡೆಸಿ ನೋಡಿ.

ದಾವಣಗೆರೆ: ನಾನೂ ಎರಡು ರೂಪಾಯಿಯವನೇ. ಸಾಲ ಮಾಡಿ ಬದಲಿಸಿದೆ.

ಧಾರವಾಡ: ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಿ. ಅದೇ ಹಳೆಯ ಯಂತ್ರಗಳಲ್ಲಿ ನಮ್ಮದು ಒಂದು ವರ್ಷದಿಂದ ನಡೆಯುತ್ತಿದೆ. ನಮ್ಮ ಬೆರಳಗುರುತು ಓದುವ ಸಾಧನ ಮಾತ್ರ ಅದರಲ್ಲಿ ಓಡಲಿಲ್ಲ.

ದಾವಣಗೆರೆ: ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಹಳೆಯ ಕನ್ನಡ ಕಡತಗಳನ್ನು ಏನು ಮಾಡಿದಿರಿ? ನಾನು ಅವನ್ನು ಎಲ್ಲೆಡೆ ಓದಬಹುದಾದ ಯೂನಿಕೋಡಿಗೆ ಬದಲಿಸಿದಾಗ ಸಹಕಾರ ಸಂಘದ ‘ಕಾರ್ಯದರ್ಶಿ’ ಹೋಗಿ ‘ಕಾಯರ್ದಶಿರ್’ ಆಗಿತ್ತು. ನಲವತ್ತು ಪುಟದ ವಾರ್ಷಿಕ ವರದಿ, ಒಂದೊಂದು ಅರ್ಕಾವತ್ತನ್ನೂ ಕೈಯಿಂದ ತಿದ್ದಿದೆ.

ಧಾರವಾಡ: ಮೊದಲಿನಿಂದಲೇ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದ್ದರೆ ಈ ತೊಂದರೆ ಇರುತ್ತಿರಲಿಲ್ಲ.

ದಾವಣಗೆರೆ: 2006ರಲ್ಲಿ ಮುದ್ರಣಾಲಯದವರು ಯೂನಿಕೋಡ್ ಕಡತ ತಂದರೆ ವಾಪಸು ಕಳಿಸುತ್ತಿದ್ದರು. ನೀವಾಗ ಎಲ್ಲಿದ್ದಿರಿ?